ಅಪ್ಪನ ಹೋರಿ ಲೆಕ್ಕ

ಮಂಗಳವಾರ, 11 ಮಾರ್ಚ್ 2025

ರಾತ್ರಿ ಹನ್ನೊಂದಾಯಿತು. ಅಪ್ಪ ಮಲಗಿದ್ದಾರೆ. ಇವತ್ತಿನದನ್ನು ಈಗಲೇ ಬರೆದಿಡದಿದ್ದರೆ ನಾಳೆ ಅರ್ಧ ಮರೆತಿರುತ್ತೇನೆ.

ಆರು ತಿಂಗಳಿಂದ ಅವರಿಗೆ ಸೊಂಟನೋವು. ಎಪ್ಪತ್ತೊಂದು ವರ್ಷವಾದರೂ ದಿನಾ ತೋಟಕ್ಕೆ ಹೋಗುವ ಮನುಷ್ಯ, ಎಲ್ಲೋ ಉಳುಕಿರಬೇಕು ಅಂತ ನಾವೂ ಸುಮ್ಮನಿದ್ದೆವು, ಊರಿನ ಡಾಕ್ಟರೂ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸುತ್ತಿದ್ದರು. ಬೆಂಗಳೂರಿಗೆ ಕರೆತಂದು ಪಿಎಸ್‌ಎ ಅನ್ನುವ ಪ್ರಾಸ್ಟೇಟ್‌ನ ರಕ್ತಪರೀಕ್ಷೆ ಮಾಡಿಸಿದರೆ 412. ಸುಮಾರು ನಾಲ್ಕರೊಳಗೆ ಇರಬೇಕಾದದ್ದು! ಪ್ರಾಸ್ಟೇಟ್ ಕ್ಯಾನ್ಸರ್, ಬೆನ್ನುಮೂಳೆಗೂ ಪಕ್ಕೆಲುಬಿಗೂ ಹರಡಿದೆ.

ಪ್ರಾಸ್ಟೇಟ್ ಗ್ರಂಥಿಯನ್ನೇ ತೆಗೆದುಬಿಡಿ ಅಂದೆ ನಾನು. ಇಷ್ಟು ಕಡೆ ಹೋದ ಮೇಲೆ ಅದರಿಂದ ಉಪಯೋಗವಿಲ್ಲವಂತೆ. ಪೂರ್ತಿ ವಾಸಿಯಾಗಲ್ಲ, ಆದರೆ ವರ್ಷಗಟ್ಟಲೆ ಹಿಡಿದಿಡಬಹುದು ಅಂದರು ಡಾಕ್ಟರ್. ಈ ಕ್ಯಾನ್ಸರ್ ಬೆಳೆಯೋದೇ ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನ್‌ನಿಂದ, ಮೊದಲು ಅದನ್ನು ನಿಲ್ಲಿಸಬೇಕು. 1941ರಲ್ಲೇ ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಅನ್ನುವ ಸರ್ಜನ್ ಇದನ್ನು ತೋರಿಸಿದ್ದರಂತೆ, 1966ರಲ್ಲಿ ನೊಬೆಲ್ ಬಂತು. ಇದು ಆಮೇಲೆ ಕ್ಯಾಂಟೀನಲ್ಲಿ ಕೂತು ನಾನು ಓದಿಕೊಂಡದ್ದು.

ನಿಲ್ಲಿಸೋಕೆ ಎರಡು ದಾರಿ. ಒಂದು, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಬದುಕಿರುವ ತನಕ. ಇನ್ನೊಂದು ಸಣ್ಣ ಆಪರೇಷನ್, ಒಂದೇ ಸಲ. ಡಾಕ್ಟರ್ ಅದರ ಇಂಗ್ಲಿಷ್ ಹೆಸರು ಹೇಳಿದರು. "ಅಂದ್ರೆ?" ಅಂದರು ಅಪ್ಪ. ಡಾಕ್ಟರ್ ನನ್ನ ಮುಖ ನೋಡಿದರು. ನಾನು ಏಳೋಕೆ ಹೋದೆ.

"ಇರು ಮಗಾ. ಬೀಜ ತೆಗೆಯೋದು ತಾನೇ? ನಮ್ಮ ಹೋರಿಗಳಿಗೆ ನಾನೇ ಹಿಡ್ಕೊಂಡು ನಿಂತು ಬೀಜ ಒಡೆಸಿದೀನಿ. ಆಮೇಲೂ ಹತ್ತು ವರ್ಷ ಗೇಯ್ದ್ವು."

ಡಾಕ್ಟರಿಗೂ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ.

ಇಂಜೆಕ್ಷನ್ನೇ ಇರಲಿ ಅಂತ ವಾದ ಮಾಡಿದೆ. ತೆಗೆದ ಮೇಲೆ ಮತ್ತೆ ಇಡೋಕಾಗುತ್ತಾ? ಆದರೆ ಸುಸ್ತು, ಮೈ ಬಿಸಿಯೇರಿ ಬೆವರೋದು, ಮೂಳೆ ಸವೆಯೋದು ಎರಡರಲ್ಲೂ ಇದ್ದದ್ದೇ. ಅಲ್ಲದೆ ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಮೊದಲ ಒಂದೆರಡು ವಾರ ಹಾರ್ಮೋನನ್ನು ಏರಿಸಿ ಆಮೇಲೆ ಇಳಿಸುತ್ತಂತೆ. ಬೆನ್ನುಹುರಿಯ ಹತ್ತಿರ ಗಡ್ಡೆ ಇದ್ದವರಿಗೆ ಆ ಏರಿಕೆ ಅಪಾಯ, ಅದಕ್ಕೆ ಮೊದಲು ಬೇರೆ ಮಾತ್ರೆ ಕೊಟ್ಟು ತಡೆಯಬೇಕು. ಏರಿಸದೇ ಇಳಿಸುವ ಡೆಗಾರೆಲಿಕ್ಸ್ ಅನ್ನುವ ಇಂಜೆಕ್ಷನ್ ಕೂಡ ಇದೆ, ಅದು ತಿಂಗಳು ತಿಂಗಳೂ. ಆಪರೇಷನ್ನಾದರೆ ಒಂದು ದಿನದೊಳಗೆ ಇಳಿಯುತ್ತೆ. ಅಪ್ಪ ಕೇಳಿದ್ದು ಒಂದೇ, "ಯಾವುದಕ್ಕೆ ಎಷ್ಟಾಗುತ್ತೆ?"

ಬೆನ್ನುಮೂಳೆಗೋಸ್ಕರ ಒಪ್ಪಿದರಾ, ನನ್ನ ದುಡ್ಡು ಉಳಿಸೋಕಾ? ಬಸ್ಸಲ್ಲಿ ಕೇಳಿದೆ. ಕಿಟಕಿ ಕಡೆ ತಿರುಗಿದರು.

ಅಷ್ಟಕ್ಕೇ ಮುಗಿಯಲ್ಲ. ಹಾರ್ಮೋನ್ ನಿಲ್ಲಿಸೋದು ಒಂದೇ ಸಾಲದು, ಜೊತೆಗೆ ಇನ್ನೊಂದು ಔಷಧ ಶುರುವಿನಲ್ಲೇ ಸೇರಿಸಿದರೆ ಜಾಸ್ತಿ ದಿನ ಬದುಕುತ್ತಾರೆ ಅನ್ನೋದು ಈಗ ಗಟ್ಟಿಯಾಗಿದೆಯಂತೆ. ಡೋಸಿಟ್ಯಾಕ್ಸೆಲ್ ಕೀಮೋ ಕೊಡಬಹುದು, ಮೂರು ವಾರಕ್ಕೊಂದರಂತೆ ಆರು ಸಲ. ಇಲ್ಲಾ ಅಬಿರಾಟೆರಾನ್ ಮಾತ್ರೆ. ಕೆಲವರಿಗೆ ಎರಡೂ ಸೇರಿಸುತ್ತಾರೆ. ಅಪ್ಪನಿಗೆ ಸದ್ಯ ಮಾತ್ರೆ: ದಿನಾ ನಾಲ್ಕು, ಖಾಲಿ ಹೊಟ್ಟೆಯಲ್ಲಿ, ನುಂಗಿ ಒಂದು ಗಂಟೆ ಏನೂ ತಿನ್ನುವ ಹಾಗಿಲ್ಲ, ಹೊಟ್ಟೆ ತುಂಬಿದ್ದರೆ ಅದು ರಕ್ತಕ್ಕೆ ವಿಪರೀತ ಸೇರಿಬಿಡುತ್ತೆ. ಜೊತೆಗೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್. ಬಿಪಿ, ಪೊಟ್ಯಾಶಿಯಂ, ಲಿವರ್ ಆಗಾಗ ನೋಡಿಸಬೇಕು. ಬೆಳಿಗ್ಗೆ ಎದ್ದ ತಕ್ಷಣ ಹಾಲು ಹಾಕಿದ ಕಾಫಿ ಬೇಕೇ ಬೇಕು ಅನ್ನೋರಿಗೆ ಇದೇ ದೊಡ್ಡ ಶಿಕ್ಷೆ.

ಇದು ಕೆಲಸ ಬಿಟ್ಟ ಮೇಲೆ ಮುಂದೇನು ಅಂತಲೂ ಕೇಳಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ತೋರಿಸುವ ಪಿಎಸ್‌ಎಂಎ ಸ್ಕ್ಯಾನಲ್ಲಿ ಗಡ್ಡೆಗಳು ಹೊಳೆದರೆ ಲುಟೀಷಿಯಂ ಅನ್ನುವ ವಿಕಿರಣದ ಔಷಧ ಇದೆ. ಬಿಆರ್‌ಸಿಎ ವಂಶವಾಹಿಯಲ್ಲಿ ದೋಷವಿದ್ದರೆ ಒಲಾಪರಿಬ್ ಮಾತ್ರೆ. ಆ ಪರೀಕ್ಷೆಗೂ ರಕ್ತ ಕೊಟ್ಟು ಬಂದೆವು. ದೋಷ ಇದ್ದರೆ ಅದು ನನಗೂ ಬಂದಿರಬಹುದು, ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿ. ಇದನ್ನು ಅಪ್ಪನಿಗೆ ಹೇಳಿಲ್ಲ.

ಸಂಜೆ ಅವ್ವ ಫೋನ್ ಮಾಡಿದ್ದರು. ಕ್ಯಾನ್ಸರ್ ಅಂತ ಗೊತ್ತು. ಆಪರೇಷನ್ ಯಾವುದಕ್ಕೆ ಅಂದರು. ನಾನು ತಡವರಿಸುವಷ್ಟರಲ್ಲಿ ಅಪ್ಪ ಫೋನ್ ಕಿತ್ತುಕೊಂಡು, "ಹರ್ನಿಯಾ ಥರದ್ದು ಕಣೇ, ಸಣ್ಣದು" ಅಂದರು. ಗುರುವಾರ ಅಡ್ಮಿಟ್. ಅವ್ವ ನಾಳೆ ರಾತ್ರಿಯ ಬಸ್ಸಿಗೆ ಹೊರಡುತ್ತಾರೆ. ಬಂದ ಮೇಲೆ ತಾನೇ ಹೇಳ್ತೀನಿ ಅಂತಿದ್ದಾರೆ ಅಪ್ಪ.