ಮಾರ್ಚ್‌ನಲ್ಲಿ ಸಿಕ್ಕ ಸೀಟು, ಜುಲೈವರೆಗೆ

ಕರ್ನಾಟಕದಲ್ಲಿ ಸೀಟು ಸಿಗುವುದು ಪರೀಕ್ಷೆ ಮುಗಿದ ಮೇಲೆ. ಸೆಕೆಂಡ್ ಪಿಯು ಫಲಿತಾಂಶ, ಸಿಇಟಿ ರ‍್ಯಾಂಕ್, ಆಪ್ಷನ್ ಎಂಟ್ರಿ ಎಲ್ಲ ಮುಗಿದು ಫೀಸು ಕಟ್ಟಿದರೆ ಸೀಟು ನಮ್ಮದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡದ ಅಪ್ಪ-ಅಮ್ಮಂದಿರ ಮನಸ್ಸಿನಲ್ಲೂ ಅದೇ ಲೆಕ್ಕ. ಮಾರ್ಚ್‌ನಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯೂಸಿ) ಆಫರ್ ಬರುತ್ತದೆ, ಮೇ 1ರೊಳಗೆ ಒಪ್ಪಿಗೆ ಕೊಡುತ್ತಾರೆ, ಊರಿಗೆ ಫೋನ್ ಹೋಗುತ್ತದೆ. ಆದರೆ ಆ ಹೊತ್ತಿಗೆ 12ನೇ ಕ್ಲಾಸಿನ ಎರಡನೇ ಸೆಮಿಸ್ಟರ್ ಮುಗಿದೇ ಇರುವುದಿಲ್ಲ. ಮಕ್ಕಳು ಅರ್ಜಿಯಲ್ಲಿ ತಾವೇ ತುಂಬಿದ ಗ್ರೇಡುಗಳನ್ನೂ, ಈ ವರ್ಷ ಓದುತ್ತೇವೆಂದು ಬರೆದ ಕೋರ್ಸುಗಳನ್ನೂ ನಂಬಿ ಕೊಟ್ಟ ಸೀಟು ಅದು. ಅರ್ಜಿಯ ಜೊತೆ ಯೂಸಿ ಟ್ರಾನ್ಸ್‌ಕ್ರಿಪ್ಟ್, ಅಂದರೆ ಸ್ಕೂಲ್ ಕೊಡುವ ಅಧಿಕೃತ ಗ್ರೇಡು ಪಟ್ಟಿ, ಕೇಳುವುದಿಲ್ಲ. ಬೇಸಿಗೆಯಲ್ಲಿ ಅದು ಕೈಗೆ ಬಂದಾಗ ಸಾಲು ಸಾಲಾಗಿ ತಾಳೆ ನೋಡುತ್ತದೆ.

ಆಫರ್ ಒಪ್ಪುವಾಗ ಷರತ್ತುಗಳ ಪುಟವೊಂದು ಬರುತ್ತದೆ. ಓದದೆ ಟಿಕ್ ಹಾಕಬೇಡಿ. ಪ್ರಿಂಟ್ ತೆಗೆದು ಫ್ರಿಜ್ ಬಾಗಿಲಿಗೆ ಅಂಟಿಸಿದರೂ ಸರಿಯೇ. ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಸ್ವಲ್ಪ ವ್ಯತ್ಯಾಸವಿದ್ದರೂ ತಿರುಳು ಇಷ್ಟು: 12ನೇ ಕ್ಲಾಸಿನ ಗ್ರೇಡುಗಳ ಸರಾಸರಿ (‘ಎ’ಗೆ 4, ‘ಬಿ’ಗೆ 3 ಎಂಬ ಲೆಕ್ಕದಲ್ಲಿ) 3.0ಕ್ಕಿಂತ ಇಳಿಯಬಾರದು, ಯಾವ ಕೋರ್ಸಿನಲ್ಲೂ ‘ಸಿ’ಗಿಂತ ಕೆಳಗೆ ಬರಬಾರದು, ಕೋರ್ಸು ಬದಲಾದರೆ ತಿಳಿಸಬೇಕು. ಎರಡೂ ಸೆಮಿಸ್ಟರಿನ ಗ್ರೇಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಮೊದಲ ಸೆಮಿಸ್ಟರಿನ ‘ಎ’ ಎರಡನೆಯದರ ‘ಡಿ’ಯನ್ನು ಮುಚ್ಚಿಹಾಕುವುದಿಲ್ಲ.

ಕಷ್ಟ ಶುರುವಾಗುವುದು ಸಾಮಾನ್ಯವಾಗಿ ಏಪ್ರಿಲ್‌ನ ಯಾವುದೋ ಒಂದು ಸಂಜೆ, ಸ್ಕೂಲ್ ಪೋರ್ಟಲ್‌ನಲ್ಲಿ ಕ್ಯಾಲ್ಕುಲಸ್ ಎದುರು ‘ಡಿ’ ಕಂಡಾಗ. ಫೈನಲ್‌ನಲ್ಲಿ ಎತ್ತಿಬಿಡುತ್ತೇನೆ ಎನ್ನುವ ಮಾತು ಬಂದರೆ ಕಾಗದ ತೆಗೆದು ಕೂರಬೇಕು. ಫೈನಲ್‌ಗೆ 20 ಪರ್ಸೆಂಟ್ ತೂಕವಿದ್ದು, ಈಗ 64 ಇದ್ದರೆ, ‘ಸಿ’ಗೆ ಸಾಮಾನ್ಯವಾಗಿ ಬೇಕಾದ 70 ಮುಟ್ಟಲು ಫೈನಲ್‌ನಲ್ಲಿ 94 ಬೇಕು. ಸೆಮಿಸ್ಟರ್ ಪೂರ್ತಿ 64ರ ಆಸುಪಾಸಿನಲ್ಲಿದ್ದವರಿಗೆ ಅದು ಸುಲಭವಲ್ಲ. ಹಾಗಾಗಿ ಕ್ಯಾಂಪಸ್‌ಗೆ ತಿಳಿಸುವ ಕೆಲಸ ಫೈನಲ್‌ಗೆ ಮುಂಚೆಯೇ ಆಗಬೇಕು. ಏಪ್ರಿಲ್‌ನಲ್ಲಿ ತಿಳಿಸಿದರೆ, ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಅದೇ ವಿಷಯ ಮತ್ತೆ ಓದಿ ತೋರಿಸು ಎನ್ನಲು ಅಡ್ಮಿಷನ್ ಆಫೀಸಿಗೆ ಅವಕಾಶವಿರುತ್ತದೆ. ಜುಲೈನಲ್ಲಿ ಟ್ರಾನ್ಸ್‌ಕ್ರಿಪ್ಟ್ ನೋಡಿ ಅವರಿಗೇ ಗೊತ್ತಾದರೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ. ಬಿದ್ದ ಗ್ರೇಡಿಗಿಂತ ಅದನ್ನು ಬಚ್ಚಿಟ್ಟದ್ದೇ ಹೆಚ್ಚು ಕೆಡುಕು ಮಾಡುತ್ತದೆ.

ಪತ್ರ ಬರೆಯಬೇಕಾದವರು ಮಕ್ಕಳೇ, ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ಒಂದು ಪುಟ ಮೀರಬಾರದು. ಮೊದಲು ಹೆಸರು, ಅರ್ಜಿ ಸಂಖ್ಯೆ, ಕೋರ್ಸು, ಈಗಿನ ಗ್ರೇಡು. ಆಮೇಲೆ ಕಾರಣ, ಎರಡು ಮೂರು ವಾಕ್ಯದಲ್ಲಿ. ಕಾಯಿಲೆಯೋ ಮನೆಯಲ್ಲಿ ಸಾವೋ ಆಗಿದ್ದರೆ ದಾಖಲೆ ಜೊತೆಗಿರಲಿ. ಏನೂ ಇಲ್ಲದಿದ್ದರೆ ಕಾರಣ ಕಟ್ಟಬೇಡಿ, ಓದು ಸಡಿಲವಾಯಿತು ಎಂದೇ ಬರೆಯಲಿ. ಟೀಚರ್ ಹತ್ತಿರ ವಾರಕ್ಕೆ ಎಷ್ಟು ಸಲ ಹೋಗುತ್ತಿದ್ದಾರೆ, ಕೊನೆಗೆ ಯಾವ ಗ್ರೇಡು ಬರಬಹುದು ಎಂಬುದು ಕಡೆಯಲ್ಲಿ. ‘ನಾನು ಇನ್ನೇನು ಮಾಡಬೇಕು’ ಎಂಬ ಪ್ರಶ್ನೆ ತಪ್ಪದೆ ಇರಲಿ. ಇದನ್ನು ಕ್ಯಾಂಪಸ್‌ನ ಪೋರ್ಟಲ್‌ನಲ್ಲಿ ಹೇಳಿದ ದಾರಿಯಲ್ಲೇ ಕಳಿಸಿ, ಬಂದ ಉತ್ತರವನ್ನು ಜೋಪಾನ ಮಾಡಬೇಕು.

ಜನವರಿಯಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸು ಬಿಟ್ಟು ಹಗುರವಾದದ್ದಕ್ಕೆ ಸೇರುವವರಿಗೂ ಇದೇ ಮಾತು. ಕೌನ್ಸೆಲರ್ ಸಹಿ ಹಾಕಿದರೆ ಸ್ಕೂಲಿನ ಒಪ್ಪಿಗೆ ಸಿಕ್ಕಿತು ಅಷ್ಟೇ, ಕಾಲೇಜಿನದ್ದಲ್ಲ.

ಗ್ರೇಡು ಚೆನ್ನಾಗಿದ್ದೂ ಕಾಗದಪತ್ರದಲ್ಲಿ ಎಡವಿದವರಿದ್ದಾರೆ. 2017ರ ಬೇಸಿಗೆಯಲ್ಲಿ ಯೂಸಿ ಅರ್ವೈನ್ 499 ಆಫರ್‌ಗಳನ್ನು ಹಿಂತೆಗೆದುಕೊಂಡಿತು. ಆ ವರ್ಷ ನಿರೀಕ್ಷೆಗಿಂತ ನೂರಾರು ಮಂದಿ ಹೆಚ್ಚು ಒಪ್ಪಿಕೊಂಡಿದ್ದರು. ಸೀಟು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಟ್ರಾನ್ಸ್‌ಕ್ರಿಪ್ಟ್‌ನ ತೊಡಕು. ಗಲಾಟೆಯಾಗಿ, ಚಾನ್ಸಲರ್ ಕ್ಷಮೆ ಕೇಳಿ, ಹೆಚ್ಚಿನವರಿಗೆ ಸೀಟು ವಾಪಸ್ ಬಂತು. ಆದರೂ ಆ ಮಕ್ಕಳು ಪಟ್ಟ ಸಂಕಟ ಯಾವ ಮನೆಗೂ ಬೇಡ.

ಫೈನಲ್ ಟ್ರಾನ್ಸ್‌ಕ್ರಿಪ್ಟ್ ಯೂಸಿಗೆ ಜುಲೈ 1ರೊಳಗೆ ಹೋಗಬೇಕು, ಎಪಿ ಸ್ಕೋರು ಜುಲೈ 15ರೊಳಗೆ. ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಸ್ಕೂಲ್ ಪಾರ್ಚ್‌ಮೆಂಟ್ ಎಂಬ ಆನ್‌ಲೈನ್ ಸೇವೆ ಬಳಸುತ್ತಿದ್ದರೆ, ಗ್ರೇಡು ಬರುವವರೆಗೆ ತಡೆಹಿಡಿಯುವ ಆಯ್ಕೆ ಒತ್ತಿ ಮೇ ತಿಂಗಳಲ್ಲೇ ಆರ್ಡರ್ ಹಾಕಬಹುದು. ಆ ಆಯ್ಕೆ ಒತ್ತದಿದ್ದರೆ ಕೊನೆಯ ಸೆಮಿಸ್ಟರ್ ಖಾಲಿ ಇರುವ ಪ್ರತಿಯೇ ಹೋಗಿಬಿಡುತ್ತದೆ. ಜೂನ್‌ನಲ್ಲಿ ಆಫೀಸು ಮುಚ್ಚುವ ಮೊದಲು ಒಂದು ಪ್ರತಿ ನೀವೂ ತೆಗೆದುಕೊಂಡು ನೋಡಿ: ಹೈಸ್ಕೂಲ್ ಮುಗಿಸಿದ ದಿನಾಂಕ ಅಚ್ಚಾಗಿದೆಯೇ, ಪ್ರತಿ ಕೋರ್ಸಿಗೂ ಗ್ರೇಡು ಬಿದ್ದಿದೆಯೇ.

ನಮ್ಮವರು ವಿಶೇಷವಾಗಿ ನೋಡಬೇಕಾದದ್ದು ಹೆಸರು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲದೆ ವೀಸಾದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂದು ಬಿದ್ದಿರುತ್ತದೆ, ಸ್ಕೂಲ್ ದಾಖಲೆಯಲ್ಲಿ ಅಪ್ಪನ ಹೆಸರು ಕೊನೆಗೆ ಸೇರಿರುತ್ತದೆ, ಅರ್ಜಿಯಲ್ಲಿ ಮೂರನೆಯದೇ ಒಂದು. ಹೀಗಾದರೆ ಟ್ರಾನ್ಸ್‌ಕ್ರಿಪ್ಟ್ ತಲುಪಿದರೂ ಫೈಲಿಗೆ ಸೇರದೆ ಉಳಿದುಬಿಡಬಹುದು. ಪೋರ್ಟಲ್‌ನಲ್ಲಿ ‘ತಲುಪಿದೆ’ ಎಂದು ಕಾಣುವವರೆಗೆ ಬಿಡಬೇಡಿ. ಕಂಡ ದಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಹೈಸ್ಕೂಲಿನಲ್ಲಿದ್ದಾಗಲೇ ಕಮ್ಯುನಿಟಿ ಕಾಲೇಜಿನಲ್ಲಿ ಒಂದೇ ಒಂದು ಕೋರ್ಸು ಮಾಡಿದ್ದರೂ ಅಲ್ಲಿಂದ ಬೇರೆ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು, ಅದೇ ಕೋರ್ಸು ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ನಮೂದಾಗಿದ್ದರೂ ಸಹ. ಇದನ್ನು ಮರೆಯುವವರು ಬಹಳ.

ಇಷ್ಟಾಗಿಯೂ ರದ್ದು ಪತ್ರ ಬಂದರೆ ಅದರಲ್ಲಿ ಅಪೀಲಿನ ಗಡುವು ಇರುತ್ತದೆ, ಅದು ಉದ್ದ ಇರುವುದಿಲ್ಲ. ಹೊಸ ದಾಖಲೆಯಿದ್ದರೆ ಮಾತ್ರ ಅಪೀಲಿಗೆ ಬಲ. ಅದೂ ನಿಲ್ಲದಿದ್ದರೆ ಕಮ್ಯುನಿಟಿ ಕಾಲೇಜಿನ ದಾರಿ ಇದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ಅಲ್ಲಿಂದ ಬರುವವರಿಗೆ ಷರತ್ತಿನ ಮೇಲೆ ಸೀಟಿನ ಖಾತರಿ ಕೊಡುತ್ತವೆ. ಆ ಅರ್ಜಿ ಸಲ್ಲಿಸುವುದು ಸೇರುವ ಹಿಂದಿನ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ.