ನಾರಿನ ಪುಡಿ ಗುಡ್ಡೆ: ಭರಣಿ ಮಳೆವರೆಗೆ ಆದದ್ದು

ತಿಪಟೂರು ಸುತ್ತ ಯಾವ ತೆಂಗಿನ ನಾರಿನ ಮಿಲ್ಲಿನ ಹಿಂದೆ ಹೋದರೂ ಪುಡಿ ಗುಡ್ಡ ಬಿದ್ದಿರುತ್ತದೆ. ಒಂದು ಕಿಲೋ ನಾರು ತೆಗೆದರೆ ಹತ್ತಿರಹತ್ತಿರ ಎರಡು ಕಿಲೋ ಪುಡಿ ಉಳಿಯುತ್ತದೆ ಅನ್ನುವುದು ರೂಢಿಯ ಲೆಕ್ಕ. ವರ್ಷಗಟ್ಟಲೆ ಬಿದ್ದಿದ್ದರೂ ಅದು ಕೊಳೆಯುವುದಿಲ್ಲ. ಅದರ ತುಂಬ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ, ಸುಲಭಕ್ಕೆ ಒಡೆಯದ ವಸ್ತು. ಸಾರಜನಕ ಒಂದು ಪಾಲಿದ್ದರೆ ಇಂಗಾಲ ನೂರು ಪಾಲಿಗೂ ಮೇಲೆ. ಹಸಿ ಪುಡಿಯನ್ನೇ ಬುಡಕ್ಕೆ ಸುರಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಇದ್ದಬದ್ದ ಸಾರಜನಕವನ್ನೂ ಎಳೆದುಕೊಂಡು ಗಿಡ ಹಳದಿಗೆ ತಿರುಗುತ್ತದೆ.

ಲ್ಯಾಬಿನಲ್ಲಿದ್ದಷ್ಟು ಕಾಲ ನಾನು ಮಾಡಿದ್ದು ಲಿಗ್ನಿನ್ ಒಡೆಯುವ ಶಿಲೀಂಧ್ರಗಳ ಕಿಣ್ವ ಅಳೆಯುವ ಕೆಲಸ. ಗ್ವಾಯಕಾಲ್ ಎಂಬ ರಾಸಾಯನಿಕ ಬೆರೆಸಿದ ಅಗರ್ ತಟ್ಟೆಯಲ್ಲಿ ಶಿಲೀಂಧ್ರದ ಸುತ್ತ ಕೆಂಗಂದು ವರ್ತುಲ ಎದ್ದರೆ ಲಿಗ್ನಿನ್ ಒಡೆಯುವ ಲ್ಯಾಕೇಸ್ ಕಿಣ್ವ ಇದೆ ಎಂದು ಬರೆದುಕೊಳ್ಳುತ್ತಿದ್ದೆವು. ಆ ವರ್ತುಲಗಳ ಮೇಲೆ ಪ್ರಬಂಧಗಳೇನೋ ಬಂದವು. ಟನ್ನುಗಟ್ಟಲೆ ಪುಡಿಯಲ್ಲಿ ಅದೇ ಶಿಲೀಂಧ್ರ ಏನು ಮಾಡುತ್ತದೆ ಎಂದು ನೋಡುವ ಅವಕಾಶ ಸಿಕ್ಕಿದ್ದು ಅಪ್ಪನ ತೋಟಕ್ಕೆ ವಾಪಸಾದ ಮೇಲೆ.

ಶಿವರಾತ್ರಿ ಕಳೆದ ಮೇಲೆ ಪುಡಿಯನ್ನು ಗೊಬ್ಬರ ಮಾಡಲು ಗುಡ್ಡೆ ಹಾಕಿಸಿದೆ. ವಿಧಾನ ನನ್ನದಲ್ಲ, ಹಳೆಯ ಶಿಫಾರಸೇ. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ, 1.5 ಕಿಲೋ ಪ್ಲೂರೋಟಸ್ ಸಜೋರ್-ಕಾಜು (ತಿನ್ನುವ ಚಿಪ್ಪಣಬೆ) ಬೀಜ. ನೂರು ಕಿಲೋ ಪುಡಿ ಹರಡಿ ಅದರ ಮೇಲೆ ಬೀಜ, ಮತ್ತೆ ನೂರು ಕಿಲೋ ಪುಡಿ, ಅದರ ಮೇಲೆ ಯೂರಿಯಾ, ಹೀಗೆ ಹತ್ತು ಪದರ. ಕುದಿಸುವುದಿಲ್ಲ, ಹಬೆ ಕೊಡುವುದಿಲ್ಲ. ಇಷ್ಟು ಲಿಗ್ನಿನ್ ಇರುವ ಕಡೆ ಸಾಮಾನ್ಯ ಬೂಷ್ಟಿಗೆ ಊಟ ಕಡಿಮೆ, ಲಿಗ್ನಿನ್ ತಿಂದು ಬಿಳಿ ಕೊಳೆ ತರಿಸುವ ಪ್ಲೂರೋಟಸ್‌ಗೆ ಹೆಚ್ಚು. ಯೂರಿಯಾ ಜಾಸ್ತಿ ಸುರಿದರೆ ಈ ಅನುಕೂಲ ಹೋಗಿಬಿಡುತ್ತದೆ. ನೀರಿನ ವಿಷಯದಲ್ಲಿ ನನಗೆ ಮೀಟರಿಗಿಂತ ಮುಷ್ಟಿಯ ಮೇಲೇ ನಂಬಿಕೆ: ಹಿಂಡಿದಾಗ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ತೊಟ್ಟಿಕ್ಕಬಾರದು.

ಯುಗಾದಿ ಹೊತ್ತಿಗೆ ಒಳಪದರಗಳಲ್ಲಿ ಬಿಳಿ ಎಳೆ ಹಬ್ಬಿತ್ತು. ಹೊರಮೈಯಲ್ಲಿ ಬಿಸಿಲಿಗೆ ಒಣಗಿದ ಪುಡಿ ಹಾಗೇ ಇತ್ತು. ತೆಂಗಿನ ಗರಿ ಹೊದಿಸಿದ ಮೇಲೆ ಅಲ್ಲೂ ಹಿಡಿಯಿತು.

ಪಕ್ಕದ ತೋಟದ ಗೌಡರು ಬಂದು ಗುಡ್ಡೆ ಕೆದಕಿ ನೋಡಿದರು. “ಏನವ್ವಾ, ಅಣಬೆ ರೋಗಕ್ಕೆ ಮರ ಹೋಗ್ತಾ ಇದ್ರೆ ನೀನು ಅಣಬೇನೇ ತಂದು ತೋಟಕ್ಕೆ ಹಾಕಿದ್ದೀಯಲ್ಲ?”

ಸರಿಯಾದ ಪ್ರಶ್ನೆ. ನಮ್ಮ ಪಿಎಚ್.ಡಿ. ಪರೀಕ್ಷಕರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ತೆಂಗಿನ ಬುಡದಲ್ಲಿ ಕಂದು ರಸ ಸೋರಿಸಿ ಮರ ಕೊಲ್ಲುವ ಗ್ಯಾನೋಡರ್ಮಾ, ಅಂದರೆ ಗೌಡರು ಹೇಳಿದ ಅಣಬೆ ರೋಗದ ಶಿಲೀಂಧ್ರ, ಕೂಡ ಬಿಳಿ ಕೊಳೆಯ ಜಾತಿಯದೇ, ಲಿಗ್ನಿನ್ ತಿನ್ನುವುದೇ. ಆದರೆ ಅದು ಬೇರಿನಿಂದ ಬೇರಿಗೆ ದಾಟಿ ಜೀವಂತ ಮರಕ್ಕೆ ಇಳಿಯುತ್ತದೆ. ನಾನು ಬಿತ್ತಿದ್ದು ಸತ್ತ ಪುಡಿ ತಿಂದು ಬದುಕುವಂಥದ್ದು. “ಹಂಗಾದ್ರೆ ಸರಿ” ಅಂದರು. ಪೂರ್ತಿ ಒಪ್ಪಿದ ದನಿಯಲ್ಲ.

ಭರಣಿ ಮಳೆ ಬಿದ್ದ ಮೇಲೆ ಗುಡ್ಡೆಯ ಒಂದು ಮೂಲೆಯಲ್ಲಿ ಹಸಿರು ಬೂಷ್ಟು ಎದ್ದಿದೆ. ಟ್ರೈಕೋಡರ್ಮಾ. ಅಣಬೆ ಬೆಳೆಯುವವರಿಗೆ ಇದನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ, ಬೇರೆ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು ತಿನ್ನುವ ಜಾತಿ. ನನಗೆ ಇದರ ಮೇಲೆ ಹಳೇ ಮಮತೆ. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿಬಟ್ಟೆ ಕೊಳೆಯುತ್ತಿದ್ದಾಗ ಅದರಿಂದ ಬೇರ್ಪಡಿಸಿದ ಟ್ರೈಕೋಡರ್ಮಾದ ಒಂದು ತಳಿ ಕ್ಯುಎಂ6ಎ. ಅಮೆರಿಕ ಸೇನೆಯ ಪ್ರಯೋಗಾಲಯದ ವಿಜ್ಞಾನಿಗಳಾದ ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಅದರ ಸೆಲ್ಯುಲೇಸ್, ಅಂದರೆ ಹತ್ತಿಯ ಸೆಲ್ಯುಲೋಸ್ ಒಡೆಯುವ ಕಿಣ್ವದ ಬೆನ್ನು ಹತ್ತಿದರು. 1977ರಲ್ಲಿ ಅದಕ್ಕೆ ರೀಸ್ ಹೆಸರೇ ಬಂತು: ಟ್ರೈಕೋಡರ್ಮಾ ರೀಸಿಯೈ. ಡೇರೆ ಕೊಳೆಸಿದ ಕಿಣ್ವ ಇವತ್ತು ಜೀನ್ಸ್ ಪ್ಯಾಂಟಿಗೆ ಮಾಸಲು ಬಣ್ಣ ತರಿಸುವ ಕೆಲಸದಲ್ಲಿದೆ.

ಹಸಿರು ಹಿಡಿದ ಮೂಲೆಯನ್ನು ಬಿಡಿಸಿ ದೂರ ಹಾಕಿಸಿದ್ದೇನೆ. ಪ್ಲೂರೋಟಸ್ ಕೆಲಸ ಮುಗಿಯುವವರೆಗೆ ಇವೆರಡನ್ನೂ ಸೇರಿಸುವಂತಿಲ್ಲ. ಪುಡಿ ಕಪ್ಪಾಗಿ, ಹಿಡಿದರೆ ಹಗುರಾಗಿ, ಮಣ್ಣಿನ ವಾಸನೆ ಬಂದಮೇಲೆ ಮಾತ್ರ ಗ್ಯಾನೋಡರ್ಮಾವನ್ನೂ ಬಿಡದೆ ತಿನ್ನುವ ಟ್ರೈಕೋಡರ್ಮಾ ಸರದಿ: ಮರವೊಂದಕ್ಕೆ 50 ಗ್ರಾಂ, ಜೊತೆಗೆ 5 ಕಿಲೋ ಬೇವಿನ ಹಿಂಡಿ, ಈ ಗೊಬ್ಬರ. ಆಗಲೇ ರಸ ಸೋರುತ್ತಿರುವ ಎರಡು ಮರಗಳ ಸುತ್ತ ಕಾಲುವೆ ತೋಡಿಸಿ ಬೇರೆ ಮಾಡಿಯಾಯಿತು, ಅವುಗಳ ಮೇಲೆ ನನಗೆ ಆಸೆಯಿಲ್ಲ. ಅವುಗಳ ಅಕ್ಕಪಕ್ಕದ ಸಾಲಿಗೆ ಮೊದಲು ಕೊಡುವುದು. ಅದಕ್ಕೂ ಮುಂಚೆ ಒಂದು ಬುಟ್ಟಿ ಗೊಬ್ಬರದಲ್ಲಿ ದಂಟಿನ ಬೀಜ ಎರಚಿ ಮೊಳಕೆ ಹೇಗೆ ಬರುತ್ತದೆ ನೋಡಬೇಕು. ಹಳದಿ ಕಂಡರೆ ಗುಡ್ಡೆ ಇನ್ನೂ ಮಾಗಿಲ್ಲ ಎಂದೇ ಅರ್ಥ, ಮಗುಚಿ ಹಾಕಿಸುವುದು.