ನಾಲ್ಕನೇ ಸ್ಥಾನದಲ್ಲಿದ್ದವರು ಗವರ್ನರ್ ಆದದ್ದು ಹೇಗೆ?

ನೈಜೀರಿಯಾದ ರಾಜಕೀಯದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇಮೋ ರಾಜ್ಯದಲ್ಲಿ ನಾಲ್ಕನೇ ಸ್ಥಾನ ಬಂದವರನ್ನು ಕೋರ್ಟೇ ಗವರ್ನರ್ ಮಾಡಿತಂತಲ್ಲ, ಜಡ್ಜ್‌ಗಳಿಗೆ ದುಡ್ಡು ಹೋಗಿತ್ತಾ?"

ದುಡ್ಡಿನ ಮಾತಾಡೋಕೆ ನನ್ನ ಹತ್ತಿರ ಪುರಾವೆ ಇಲ್ಲ. ಅದನ್ನು ಪಕ್ಕಕ್ಕಿಟ್ಟು ನೋಡಿದರೂ ತೀರ್ಪು ಸಾಕಷ್ಟು ವಿಚಿತ್ರವಾಗಿದೆ.

ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬರುವವರಲ್ಲ. ಜನ ನೇರವಾಗಿ ಆರಿಸುತ್ತಾರೆ. ಖಜಾನೆ, ಆಡಳಿತ ಎಲ್ಲ ಅವರ ಕೈಯಲ್ಲೇ. ಇಷ್ಟು ದೊಡ್ಡ ಕುರ್ಚಿಯಾದ್ದರಿಂದ ಸೋತವರು ಸುಮ್ನೆ ಮನೆಗೆ ಹೋಗುವುದು ಅಪರೂಪ.

ಇಮೋದಲ್ಲಿ ಮತದಾನ ನಡೆದದ್ದು 2019ರ ಮಾರ್ಚ್ 9ರಂದು. ಚುನಾವಣಾ ಆಯೋಗದ ಲೆಕ್ಕದಲ್ಲಿ ಪಿಡಿಪಿ ಪಕ್ಷದ ಎಮೆಕಾ ಇಹೆಡಿಯೊಹಾ ಅವರಿಗೆ 2,73,404 ಮತ. ಎರಡು ಮತ್ತು ಮೂರನೇ ಸ್ಥಾನ ಬೇರೆ ಇಬ್ಬರದು. ಆಗ ದೇಶವನ್ನು ಆಳುತ್ತಿದ್ದ ಎಪಿಸಿ ಪಕ್ಷದ ಹೋಪ್ ಉಜೊಡಿನ್ಮಾ 96,458 ಮತ ಪಡೆದು ನಾಲ್ಕನೆಯವರಾದರು. ಮೇ 29ಕ್ಕೆ ಇಹೆಡಿಯೊಹಾ ಪ್ರಮಾಣವಚನ ತೆಗೆದುಕೊಂಡರು.

ಉಜೊಡಿನ್ಮಾ ಅವರ ತಕರಾರು ಒಂದೇ. 388 ಮತಗಟ್ಟೆಗಳಲ್ಲಿ ನನಗೆ ಬಿದ್ದ ಮತಗಳನ್ನು ಆಯೋಗ ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ನೈಜೀರಿಯಾದಲ್ಲಿ ಎಣಿಕೆ ಮತಗಟ್ಟೆಯಲ್ಲೇ ನಡೆಯುತ್ತದೆ. ನಮ್ಮ ಹಾಗೆ ಸೀಲ್ ಹಾಕಿ ಎಣಿಕೆ ಕೇಂದ್ರಕ್ಕೆ ಸಾಗಿಸುವುದಿಲ್ಲ. ಎಣಿಸಿದ್ದನ್ನು ಇಸಿ8ಎ ಎಂಬ ಹಾಳೆಯ ಮೇಲೆ ಬರೆದು, ಸಹಿ ಹಾಕಿ, ಪಕ್ಷಗಳ ಏಜೆಂಟರಿಗೂ ಪೊಲೀಸರಿಗೂ ಒಂದೊಂದು ಪ್ರತಿ ಕೊಡುತ್ತಾರೆ. ಮುಂದಿನ ಜಗಳವೆಲ್ಲ ಆ ಹಾಳೆಯದೇ.

ಉಜೊಡಿನ್ಮಾ ಪರವಾಗಿ ಪೊಲೀಸ್ ಅಧಿಕಾರಿಯೊಬ್ಬರು ಸಮನ್ಸ್ ಮೇಲೆ ಬಂದು ಆ ಮತಗಟ್ಟೆಗಳ ಹಾಳೆಗಳನ್ನು ಹಾಜರುಪಡಿಸಿದರು. ಚುನಾವಣಾ ನ್ಯಾಯಮಂಡಳಿ ಒಪ್ಪಲಿಲ್ಲ. ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ಆದರೆ 2020ರ ಜನವರಿ 14ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಒಪ್ಪಿತು. 2,13,695 ಮತ ಸೇರಿಸಿ ಅಂದಿತು. ಮಾರನೇ ದಿನವೇ ಉಜೊಡಿನ್ಮಾ ಗವರ್ನರ್.

ಈಗ ಸ್ವಲ್ಪ ಭಾಗಾಕಾರ ಮಾಡಿ ನೋಡಿ. 388 ಕಡೆ 2,13,695 ಅಂದರೆ ಒಂದು ಮತಗಟ್ಟೆಗೆ ಸರಾಸರಿ 550 ಮತ. ರಾಜ್ಯದಲ್ಲಿ ಇನ್ನೂ ಮೂರು ಸಾವಿರಕ್ಕೂ ಜಾಸ್ತಿ ಮತಗಟ್ಟೆಗಳಿದ್ದವು. ಅಲ್ಲೆಲ್ಲ ಸೇರಿ ಅದೇ ಅಭ್ಯರ್ಥಿಗೆ ಬಂದದ್ದು ಒಂದು ಲಕ್ಷವೂ ಇಲ್ಲ! ಹೊಸ ಮತ ಕೂಡಿಸಿದರೆ ಎಲ್ಲ ಅಭ್ಯರ್ಥಿಗಳ ಮತಗಳ ಒಟ್ಟು ಮೊತ್ತ ಆಯೋಗ ಹೇಳಿದ್ದ ಮತದಾರರ ಹಾಜರಿಯನ್ನೇ, ಅಂದರೆ 8,23,743ನ್ನೂ, ದಾಟುತ್ತದೆ ಅಂತ ಪಿಡಿಪಿ ಕೂಗಿತು. ಈ ವಾದಕ್ಕೆ ನಾನು ಅಷ್ಟು ತೂಕ ಕೊಡುವುದಿಲ್ಲ. 388 ಮತಗಟ್ಟೆಗಳನ್ನು ಆಯೋಗ ಬಿಟ್ಟೇ ಬಿಟ್ಟಿದ್ದರೆ ಅಲ್ಲಿನ ಹಾಜರಿಯೂ ಆ ಮೊತ್ತದಲ್ಲಿ ಸೇರಿರುವುದಿಲ್ಲ ಅಲ್ವಾ? ಆದರೆ ಸರಾಸರಿ 550ಕ್ಕೆ ಇನ್ನೂ ಯಾರೂ ನನಗೆ ಒಪ್ಪಿಗೆಯಾಗುವ ವಿವರಣೆ ಕೊಟ್ಟಿಲ್ಲ.

ಹಾಗಾದರೆ ಕೋರ್ಟು ಯಾಕೆ ಒಪ್ಪಿತು? ಇದು ಸಾಕ್ಷ್ಯದ ನಿಯಮ ಎಳೆದುಕೊಂಡು ಹೋದ ಜಾಗ. ಹಾಳೆ ಮುಂದೆ ಬಂದಿದೆ. ಸುಳ್ಳು ಅನ್ನುವವರು ಅದನ್ನು ತೋರಿಸಬೇಕಿತ್ತು. ಆಯೋಗ ಅಲ್ಲಗಳೆಯಿತೇ ಹೊರತು ಕೋರ್ಟಿಗೆ ಸಾಕೆನಿಸುವಷ್ಟು ಪುರಾವೆ ಕೊಡಲಿಲ್ಲ. ಚುನಾವಣೆ ನಡೆಸಿದವರ ಕಾಗದಕ್ಕಿಂತ ಪೊಲೀಸರ ಹತ್ತಿರ ಇದ್ದ ಕಾಗದ ಗಟ್ಟಿಯಾಯಿತು. ಆಯೋಗದ ಈ ಸೋಮಾರಿತನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಲ್ಲರಿಗೂ ಜಡ್ಜ್‌ಗಳೇ ಬೇಕು.

ಇಹೆಡಿಯೊಹಾ ಮರುಪರಿಶೀಲನೆ ಕೇಳಿದರು. 2020ರ ಮಾರ್ಚ್ 3ರಂದು ಅರ್ಜಿ ವಜಾ ಆಯಿತು. ಈ ಸಲ ನ್ಯಾಯಮೂರ್ತಿ ಚಿಮಾ ನ್ವೆಜೆ ಒಬ್ಬರೇ ಭಿನ್ನಮತ ಬರೆದರು. ಈ ತೀರ್ಪು ನಮ್ಮ ಚುನಾವಣಾ ಕಾನೂನನ್ನು ಬಹುಕಾಲ ಕಾಡುತ್ತದೆ ಎಂಬರ್ಥದ ಅವರ ಮಾತನ್ನು ಅಲ್ಲಿನ ವಕೀಲರು ಈಗಲೂ ಎತ್ತುತ್ತಾರೆ. ವಿರೋಧಿಗಳು ಉಜೊಡಿನ್ಮಾ ಅವರನ್ನು 'ಸುಪ್ರೀಂ ಕೋರ್ಟ್ ಗವರ್ನರ್' ಎಂದು ಆಡಿಕೊಂಡರು. 2023ರ ನವೆಂಬರ್‌ನಲ್ಲಿ ಅವರು ಎಲ್ಲ 27 ಸ್ಥಳೀಯ ಆಡಳಿತ ಪ್ರದೇಶಗಳಲ್ಲೂ ಗೆದ್ದರೆಂದು ಆಯೋಗ ಘೋಷಿಸಿತು. ಅದಕ್ಕೂ ತಕರಾರು ಬಂತು, ಬಿಡಿ.

"ಹಾಗಾದರೆ ನಿಜವಾಗಿ ಗೆದ್ದವರು ಯಾರು?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ನನ್ನ ಪ್ರಕಾರ ಅದನ್ನು ಆ 388 ಮತಗಟ್ಟೆಗಳ ಜನರನ್ನೇ ಇನ್ನೊಮ್ಮೆ ಕೇಳಬೇಕಿತ್ತು. ಇದೇನು ಅಲ್ಲಿ ಹೊಸದಲ್ಲ. ಅದೇ 2019ರ ಮಾರ್ಚ್ 23ರಂದು ಕಾನೋ, ಸೊಕೊಟೊ, ಬೆನುಯೆ ಮುಂತಾದ ರಾಜ್ಯಗಳಲ್ಲಿ ಮತ ರದ್ದಾಗಿದ್ದ ಮತಗಟ್ಟೆಗಳಲ್ಲಿ ಪೂರಕ ಮತದಾನ ನಡೆಸಿ, ಆಮೇಲೆಯೇ ಗವರ್ನರ್ ಯಾರೆಂದು ಘೋಷಿಸಿದ್ದರು.